ಲೆಕ್ಕ ಎಲ್ಲಿಯೇ ಇರಲಿ, ಬೀಗದ ಕೈ ನಮ್ಮಲ್ಲಿರಲಿ

ವ್ಯಾಪಾರವು ಹಣದಿಂದ ನಡೆಯುತ್ತದೆಂದು ಹೊರಗಿನವರು ಭಾವಿಸುವುದುಂಟು. ಅದರಲ್ಲಿಯೇ ಬಾಳು ಸವೆಸಿದವರಿಗೆ ಅದು ನಂಬಿಕೆಯಿಂದ ನಡೆಯುತ್ತದೆಂಬುದು ಅನುಭವದ ಮಾತು. ಆ ನಂಬಿಕೆಯ ಲಿಖಿತ ರೂಪವೇ ಲೆಕ್ಕದ ಪುಸ್ತಕ. ಆದುದರಿಂದಲೇ ನಮ್ಮ ಹಿರಿಯರು ದೀಪಾವಳಿಯ ಪಾಡ್ಯದಂದು ತಿಜೋರಿಯ ಜೊತೆಗೆ ಕಿರ್ದಿ ಮತ್ತು ಖಾತೆ ಪುಸ್ತಕಗಳನ್ನೂ ಇಟ್ಟು ಪೂಜಿಸುತ್ತ ಬಂದರು. ಇಂದು ಆ ಪುಸ್ತಕವು ಗಲ್ಲಾಪೆಟ್ಟಿಗೆಯ ಪಕ್ಕದಿಂದ ಎದ್ದು, ನಾವು ಕಂಡರಿಯದ ಊರಿಗೆ ಹೊರಟು ನಿಂತಿದೆ. ಅದನ್ನು ಕಳುಹಿಸಿಕೊಡಬೇಕೇ, ತಡೆಯಬೇಕೇ ಎಂಬ ಪ್ರಶ್ನೆ ಅನೇಕ ವ್ಯಾಪಾರಿ ಮನೆತನಗಳಲ್ಲಿ ಎದ್ದಿದೆ. ನಮ್ಮ ಮನೆಯಲ್ಲಿಯೂ ಎದ್ದಿತು. ಆಗ ನಡೆದ ವಿಚಾರ ವಿನಿಮಯವು ಓದುಗ ಬಂಧುಗಳಿಗೆ ಉಪಯೋಗವಾದೀತೆಂಬ ಆಶಯದಿಂದ ಇದನ್ನು ಬರೆಯುತ್ತಿದ್ದೇನೆ.

ತೀರ್ಥರೂಪರು ರಾಣೆಬೆನ್ನೂರಿನಲ್ಲಿ ಆರಂಭಿಸಿದ ಬೀಜ-ಗೊಬ್ಬರದ ಅಂಗಡಿಗೆ ಇಂದು ಹಾವೇರಿ ಮತ್ತು ಹಿರೇಕೆರೂರುಗಳಲ್ಲಿಯೂ ಶಾಖೆಗಳಿವೆ. ನಾವು ಮೂವರು ಸಹೋದರರು ಒಂದೊಂದನ್ನು ನೋಡಿಕೊಳ್ಳುತ್ತೇವೆ. ಕೈಬರಹದ ಕಿರ್ದಿ ಹೋಗಿ ಗಣಕಯಂತ್ರ ಬಂದು ಬಹಳ ಕಾಲವಾಯಿತು. 1986ರಲ್ಲಿ ಗೋಯೆಂಕಾ ತಂದೆ-ಮಗ ಕೂಡಿ ಕಟ್ಟಿದ, ಈಗ ಬೆಂಗಳೂರಿನಲ್ಲಿ ನೆಲೆಸಿರುವ ಸಂಸ್ಥೆಯ ಟ್ಯಾಲಿ ಎಂಬ ತಂತ್ರಾಂಶವನ್ನು ನಮ್ಮ ಪೇಟೆಗಳ ಗುಮಾಸ್ತರೆಲ್ಲರೂ ಬಲ್ಲರು. ಆದರೆ ಮೂರು ಅಂಗಡಿಗಳಿಗೆ ಮೂರು ಯಂತ್ರಗಳು, ಮೂರು ಲೆಕ್ಕಗಳು. ವಾರಕ್ಕೊಮ್ಮೆ ಪೆನ್‌ಡ್ರೈವ್‌ನಲ್ಲಿ ತಂದು ಕೂಡಿಸುವವರೆಗೆ ಒಬ್ಬರ ಅಂಗಡಿಯ ಸ್ಥಿತಿ ಇನ್ನೊಬ್ಬರಿಗೆ ತಿಳಿಯದು. ಅಂಕಿ ತಡವಾದಷ್ಟೂ ಅನುಮಾನಕ್ಕೆ ಎಡೆಯಾಗುತ್ತದೆ. ಅಣ್ಣತಮ್ಮಂದಿರ ನಡುವಿನ ಮನಸ್ತಾಪಗಳು ದೊಡ್ಡ ಮೋಸದಿಂದ ಹುಟ್ಟುವುದಕ್ಕಿಂತ, ಸಕಾಲದಲ್ಲಿ ಕಾಣದ ಚಿಕ್ಕ ಲೆಕ್ಕದಿಂದ ಹುಟ್ಟುವುದೇ ಹೆಚ್ಚು. ಪಾಲುದಾರಿಕೆ ಮುರಿದ ಮನೆಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿ.ಕಾಂ. ಓದಿರುವ ನನ್ನ ಸೊಸೆ ಮನೆಯಿಂದಲೇ ಅಂಗಡಿಯ ತೆರಿಗೆ ಲೆಕ್ಕ ನೋಡುತ್ತಾಳೆ. ಲೆಕ್ಕವನ್ನು ಕ್ಲೌಡ್‌ಗೆ ಸಾಗಿಸುವ ಸಲಹೆಯನ್ನು ಮೊದಲು ಮುಂದಿಟ್ಟವಳೂ ಅವಳೇ. ಕ್ಲೌಡ್ ಎಂದರೆ ಮೋಡವೆಂದರ್ಥ. ಆದರೆ ಲೆಕ್ಕವೇನೂ ಆಕಾಶದಲ್ಲಿ ತೇಲುವುದಿಲ್ಲ. ದೂರದ ಕಟ್ಟಡವೊಂದರಲ್ಲಿ ಸಾವಿರಾರು ಯಂತ್ರಗಳನ್ನು ಹಗಲಿರುಳು ಬಿಡುವಿಲ್ಲದೆ ನಡೆಸುವವರಿದ್ದಾರೆ. ಅಲ್ಲಿ ನಮಗೂ ಒಂದಿಷ್ಟು ಜಾಗ ಹಾಗೂ ಲೆಕ್ಕ ಬರೆಯುವ ತಂತ್ರಾಂಶ ಬಾಡಿಗೆಗೆ ದೊರೆಯುತ್ತವೆ. ಅಂತರಜಾಲದ ಮೂಲಕ ಯಾವ ಊರಿನಿಂದಲಾದರೂ ಅದನ್ನು ತೆರೆಯಬಹುದು. ಸ್ವಂತ ಮನೆಗೂ ಬಾಡಿಗೆ ಮನೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಇದರ ಲಾಭಗಳು ನಿಜವಾದವುಗಳೇ. ಹಿರೇಕೆರೂರಿನಲ್ಲಿ ಮುಗಿದ ಗೋವಿನಜೋಳದ ಬೀಜ ಹಾವೇರಿಯಲ್ಲಿ ಎಷ್ಟು ಚೀಲವಿದೆಯೆಂಬುದು ಆ ಕ್ಷಣವೇ ತಿಳಿಯುತ್ತದೆ. ಕೀಟನಾಶಕಗಳ ಅವಧಿ ಮುಗಿಯುವ ಮುನ್ನವೇ ಎಚ್ಚರಿಕೆ ಬರುತ್ತದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಂದಿನಿಂದ ದರಗಳೂ ನಮೂನೆಗಳೂ ಅನೇಕ ಬಾರಿ ಬದಲಾಗಿವೆ. ಬದಲಾದಾಗಲೆಲ್ಲ ತಂತ್ರಾಂಶವನ್ನು ಪರಿಷ್ಕರಿಸುವ ಹೊಣೆ ಬಾಡಿಗೆ ಪಡೆಯುವವರದೇ. ಎಲ್ಲಕ್ಕಿಂತ ಮಿಗಿಲಾಗಿ, ಮೂವರು ಸಹೋದರರೂ ಒಂದೇ ಹೊತ್ತಿಗೆ ಒಂದೇ ಪುಟವನ್ನು ನೋಡಬಹುದು.

ಲೆಕ್ಕ ನಮ್ಮ ಅಂಗಡಿಯಲ್ಲಿದ್ದರೆ ಸುರಕ್ಷಿತವೆಂಬ ಭಾವನೆಯೂ ಪೂರ್ಣ ಸತ್ಯವಲ್ಲ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕವನ್ನು ಕಾಡಿದ ನೆರೆಯಲ್ಲಿ ಬಂಧುವೊಬ್ಬರ ಅಂಗಡಿಯ ಪುಸ್ತಕಗಳೂ ಗಣಕಯಂತ್ರವೂ ಒಟ್ಟಿಗೆ ನೀರುಪಾಲಾದವು. ಕೊಡಬೇಕಾದವರಲ್ಲಿ ಹಲವರು ತಾವಾಗಿಯೇ ಬಂದು ಬಾಕಿ ಹೇಳಿಕೊಟ್ಟರು; ಕೆಲವರು ಬರಲಿಲ್ಲ. ಯಾರು ಬರಲಿಲ್ಲವೆಂಬುದನ್ನು ತೋರಿಸಲು ಅವರ ಬಳಿ ಒಂದು ಹಾಳೆಯೂ ಉಳಿದಿರಲಿಲ್ಲ.

ಹಾಗೆಂದು ದೂರದ ಕಟ್ಟಡವೆಲ್ಲ ವಜ್ರದ ಕೋಟೆಯೆಂದು ತಿಳಿಯಬಾರದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಎಚ್ ಎಂಬ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡವೇ ನಾಶವಾಯಿತು. ಬೇರೆಡೆ ಪ್ರತಿ ಇಟ್ಟುಕೊಂಡಿದ್ದ ಗ್ರಾಹಕರು ಚೇತರಿಸಿಕೊಂಡರು. ಇಟ್ಟುಕೊಳ್ಳದ ಅನೇಕರು ತಮ್ಮ ದತ್ತಾಂಶವನ್ನು ಶಾಶ್ವತವಾಗಿ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯ ಖಾಸಗಿ ಕ್ಲೌಡ್ ವ್ಯವಸ್ಥೆಯು ಗೂಗಲ್ ಸಂಸ್ಥೆಯ ಕಡೆಯಿಂದಾದ ತಪ್ಪಿನಿಂದ ಅಳಿಸಿಹೋಯಿತು. ಐದು ಲಕ್ಷಕ್ಕೂ ಹೆಚ್ಚು ಸದಸ್ಯರ ಆ ನಿಧಿಯು ಮತ್ತೊಂದು ಸಂಸ್ಥೆಯಲ್ಲಿಯೂ ಪ್ರತಿ ಇರಿಸಿದ್ದುದು ಅದನ್ನು ಮರಳಿ ಕಟ್ಟಲು ನೆರವಾಯಿತು.

ಬೆಂಕಿಯೂ ಇಲ್ಲದೆ, ಕೈತಪ್ಪೂ ಇಲ್ಲದೆ ಬಾಗಿಲು ಮುಚ್ಚಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆಯಿದೆ. 2025ರ ಜುಲೈನಲ್ಲಿ ಯೂರೋಪಿನ ಒಕ್ಕೂಟವು ವಿಧಿಸಿದ ನಿರ್ಬಂಧಗಳ ಹಿನ್ನೆಲೆಯಲ್ಲಿ ನಯಾರಾ ಎನರ್ಜಿ ಎಂಬ ತೈಲ ಕಂಪನಿಗೆ ಮೈಕ್ರೋಸಾಫ್ಟ್ ತನ್ನ ಸೇವೆಯನ್ನು ನಿಲ್ಲಿಸಿತು. ನಯಾರಾ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಬಳಿಕ ಸೇವೆ ಮರಳಿತು. ಬಲಿಷ್ಠ ಕಂಪನಿಗೆ ನ್ಯಾಯಾಲಯವುಂಟು. ಮುಂಗಾರಿನ ಬಿತ್ತನೆಯ ವಾರದಲ್ಲಿ ಲೆಕ್ಕದ ಬಾಗಿಲು ಮುಚ್ಚಿದರೆ ತಾಲ್ಲೂಕಿನ ಅಂಗಡಿಕಾರನು ಯಾರ ಮೆಟ್ಟಿಲು ಏರಬೇಕು?

ಇವೆಲ್ಲವನ್ನೂ ನಾವು ಮನೆಯಲ್ಲಿ ಕುಳಿತು ತೂಗಿ ನೋಡುತ್ತಿದ್ದಾಗ, ಕ್ಲೌಡ್ ಬೇಕೆಂದಿದ್ದ ಸೊಸೆಯೇ ಒಂದು ಮಾತು ಹೇಳಿದಳು: "ಮಾವಾರ, ಈ ಲೆಕ್ಕ ಬರೇ ನಮ್ದಲ್ರಿ. ಉದ್ರಿ ಬರಿಸಿದವರದೂ ಐತಿ."

ಆ ಮಾತು ನಮ್ಮೆಲ್ಲರನ್ನೂ ಕೆಲಕಾಲ ಮೌನವಾಗಿಸಿತು. ಅಲ್ಲಿಯವರೆಗೆ ನಾವು ನಮ್ಮ ನಷ್ಟವನ್ನಷ್ಟೇ ಎಣಿಸುತ್ತಿದ್ದೆವು. ಬೀಜ-ಗೊಬ್ಬರದ ಅಂಗಡಿಯ ಉದ್ರಿ ಖಾತೆಯೆಂದರೆ ಸುತ್ತಲಿನ ಹಳ್ಳಿಗಳ ಮಾನವೇ ಸರಿ. ಯಾರ ಬೆಳೆ ಕೈಕೊಟ್ಟಿತು, ಯಾರು ಎರಡು ವರ್ಷಗಳಿಂದ ಬಾಕಿ ತೀರಿಸಲಾರದೆ ಇದ್ದಾರೆ, ಮಗಳ ಮದುವೆಯ ವರ್ಷ ಯಾರು ಕಂತು ಮುಂದೂಡಿಸಿಕೊಂಡರು ಎಂಬುದೆಲ್ಲ ಅದರಲ್ಲಿದೆ. ತೀರ್ಥರೂಪರು ಆ ಪುಸ್ತಕವನ್ನು ಬೇರೆ ಗಿರಾಕಿಗಳ ಎದುರಿನಲ್ಲಿ ಎಂದೂ ತೆರೆದವರಲ್ಲ. ಅದು ಸೋರಿ ಪರರ ಕೈಸೇರಿದರೆ ನಮಗಾಗುವುದು ವ್ಯಾಪಾರದ ಹಾನಿ. ಆ ರೈತನಿಗಾಗುವುದು ಮರ್ಯಾದೆಯ ಹಾನಿ. ಗಿರಾಕಿಯ ವಿವರ ಇಟ್ಟುಕೊಂಡವರು ಅದನ್ನು ಕಾಪಾಡುವ ಹೊಣೆಯನ್ನೂ ಹೊರಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹೇಳುತ್ತದೆ. ಕಾನೂನಿಗಿಂತ ಮೊದಲೇ ಅದು ಅಂಗಡಿಕಾರನ ಧರ್ಮವಾಗಿತ್ತು.

ಕೊನೆಗೆ ನಾವು ಲೆಕ್ಕವನ್ನು ಕ್ಲೌಡ್‌ಗೆ ಸಾಗಿಸಲು ಒಪ್ಪಿದೆವು. ಆದರೆ ಕೆಲವು ನಿಯಮಗಳನ್ನು ಹಾಕಿಕೊಂಡು ಒಪ್ಪಿದೆವು. ಮೊದಲನೆಯದಾಗಿ, ಖಾತೆಯನ್ನು ಸಂಸ್ಥೆಯ ಹೆಸರಿನಲ್ಲಿ, ಪಾಲುದಾರರ ಮೊಬೈಲ್ ಸಂಖ್ಯೆಗೆ ತೆರೆಯಬೇಕು. ತಂತ್ರಾಂಶ ಮಾರಿದವರ ಅಥವಾ ಗುಮಾಸ್ತರ ಸಂಖ್ಯೆಗೆ ತೆರೆದರೆ, ಅವರು ಕೆಲಸ ಬಿಟ್ಟ ದಿನ ಬೀಗದ ಕೈಯೂ ಅವರೊಡನೆ ಹೋಗುತ್ತದೆ. ಎರಡನೆಯದಾಗಿ, ಪ್ರತಿ ಶನಿವಾರ ಇಡೀ ಲೆಕ್ಕದ ಪ್ರತಿಯನ್ನು ಇಳಿಸಿಕೊಂಡು ಒಂದನ್ನು ತಿಜೋರಿಯಲ್ಲಿ, ಇನ್ನೊಂದನ್ನು ಹಾವೇರಿಯ ತಮ್ಮನ ಮನೆಯಲ್ಲಿ ಇಡಬೇಕು. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯಲು ಬಾರದ ಪ್ರತಿ ಇದ್ದೂ ಇಲ್ಲದಂತೆ. ಮೂರನೆಯದಾಗಿ, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್. ಗುಮಾಸ್ತರಿಗೆ ಅವರವರ ಕೆಲಸಕ್ಕೆ ಬೇಕಾದಷ್ಟೇ ಪ್ರವೇಶ. ನಾಲ್ಕನೆಯದಾಗಿ, ಉದ್ರಿ ಖಾತೆಯಲ್ಲಿ ಹೆಸರು, ಊರು, ಮೊಬೈಲ್ ಸಂಖ್ಯೆ ಮತ್ತು ಬಾಕಿಗಳ ಹೊರತು ಬೇರೇನನ್ನೂ ಬರೆಯಬಾರದು. ಆಧಾರ್ ಸಂಖ್ಯೆಯನ್ನಂತೂ ಬರೆಯಲೇಬಾರದು. ವರ್ಷಾಂತ್ಯದಲ್ಲಿ ಆ ಖಾತೆಯ ಮುದ್ರಿತ ಪ್ರತಿಯೊಂದು ತಿಜೋರಿ ಸೇರಬೇಕು.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಿದ ಪ್ರಶ್ನೆಗಳು ಇನ್ನೂ ಮೂರು. ನಾವು ಬಿಟ್ಟುಹೋಗುವುದಾದರೆ ಲೆಕ್ಕವನ್ನು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ಹಿಂದಿರುಗಿಸುವಿರಾ? ಬಾಡಿಗೆ ಕಟ್ಟುವುದು ತಡವಾದರೆ ಎಷ್ಟು ದಿನ ಬಾಗಿಲು ತೆರೆದಿರುತ್ತದೆ? ನಮ್ಮ ಲೆಕ್ಕ ಯಾವ ದೇಶದಲ್ಲಿರುತ್ತದೆ? ಜಿ.ಎಸ್.ಟಿ. ಕಾನೂನಿನಂತೆ ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ವಿದ್ಯುನ್ಮಾನ ಲೆಕ್ಕವಿಡುವ ಕಂಪನಿಗಳು ಅದರ ಪ್ರತಿಯನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಿಸಬೇಕೆಂಬ ನಿಯಮ 2022ರಲ್ಲಿ ಬಂದಿತು. ನಮ್ಮಂಥ ಪಾಲುದಾರಿಕೆ ಸಂಸ್ಥೆಗಳಿಗೆ ಈ ಎರಡನೆಯ ನಿಯಮ ಅನ್ವಯಿಸದಿದ್ದರೂ ಅದರ ವಿವೇಕ ಎಲ್ಲರಿಗೂ ಅನ್ವಯಿಸುತ್ತದೆ. ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡದ ಒಂದು ಕಂಪನಿಯನ್ನು, ಅದರ ಬಾಡಿಗೆ ಕಡಿಮೆಯಿದ್ದರೂ, ನಾವು ಕೈಬಿಟ್ಟೆವು.

ಸಹೋದರರ ನಡುವೆ ಈಗ ಶನಿವಾರದ ಸಂಜೆಗಳು ಹಗುರವಾಗಿವೆ. ಅಂಕಿಗಳನ್ನು ಕುರಿತ ವಾದ ನಿಂತು, ಮುಂದಿನ ಹಂಗಾಮಿನ ಮಾತು ನಡೆಯುತ್ತದೆ. ಇದು ಯಂತ್ರವು ಕೊಟ್ಟ ವರವೆಂದು ನಾನು ಸಂಕೋಚವಿಲ್ಲದೆ ಒಪ್ಪುತ್ತೇನೆ. ಆದರೆ ಎಚ್ಚರವನ್ನು ಯಾವ ಯಂತ್ರವೂ ಬಾಡಿಗೆಗೆ ಕೊಡುವುದಿಲ್ಲ. ಹೊಸದೆಂದು ಹೆದರಿ ದೂರವಿಡುವುದೂ ಬೇಡ, ಹೊಸದೆಂಬ ಕಾರಣಕ್ಕೇ ನೆಚ್ಚಿ ಕುಳಿತುಕೊಳ್ಳುವುದೂ ಬೇಡ. ನಮ್ಮನ್ನು ನಂಬಿ ಉದ್ರಿ ಬರೆಯಿಸಿದ ರೈತನಿಗೆ ಕ್ಲೌಡ್ ಎಂದರೇನೆಂದು ತಿಳಿಯದಿರಬಹುದು. ತನ್ನ ಬಾಕಿಯ ಮಾತು ಅಂಗಡಿಯ ಹೊಸ್ತಿಲು ದಾಟದೆಂಬ ಭರವಸೆ ಮಾತ್ರ ಅವನಿಗಿದೆ. ಆ ಭರವಸೆಯನ್ನು ಕಾಯುವುದೂ ನಮ್ಮ ಕಾಯಕದ ಒಂದು ಭಾಗವೇ ಆಗಿದೆ.