ಬಿಸಿಲ ಸೀಮೆಯಲ್ಲಿ ಒಂದು ಜೋಡಿ ಗಿನಿ ಹಂದಿಗಳು

ಬ್ರಹ್ಮಗಿರಿಯ ಸುತ್ತಣ ನಾಡು ಮಳೆಯ ನೆರಳಿನಲ್ಲಿರುವ ಬಿಸಿಲ ಸೀಮೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಏಪ್ರಿಲ್ ತಿಂಗಳು ಕಾಲಿಟ್ಟಿತೆಂದರೆ ಹಗಲೆಲ್ಲ ಕಾದ ಹೆಬ್ಬಂಡೆಗಳು ಇರುಳಿನಲ್ಲಿಯೂ ಧಗೆಯನ್ನು ಉಗುಳುತ್ತಿರುತ್ತವೆ. ಇಂತಹ ಸ್ಥಳದಲ್ಲಿ ತಂಪು ಪರ್ವತಮೂಲದ ಪ್ರಾಣಿಯನ್ನು ಸಾಕುವುದು ಹೇಗೆ ಎಂಬ ಪ್ರಶ್ನೆ 2024ರ ಬೇಸಿಗೆಯಲ್ಲಿ ನನಗೆದುರಾಯಿತು. ನಗರದಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ರಜೆಗೆ ಬರುವಾಗ ಒಂದು ಜೋಡಿ ಗಿನಿ ಹಂದಿಗಳನ್ನು ಸಂಗಡ ತಂದಿದ್ದಳು.

ಈ ಜೀವಿಯು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ಇಲಿ ಅಳಿಲುಗಳಂತೆ ಕೊರೆಹಲ್ಲಿನ ಜಾತಿಗೆ ಸೇರಿದ ಇದನ್ನು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದರು. ಮನುಕುಲವು ಇದಕ್ಕೆ ಋಣಿಯಾಗಿದೆ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ಅಣುಜೀವಿಯನ್ನು ತೋರಿಸಿಕೊಟ್ಟದ್ದೂ, 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬುವರು ರಕ್ತಪಿತ್ತವ್ಯಾಧಿಯು ಆಹಾರದ ಕೊರತೆಯಿಂದ ಬರುವುದೆಂದು ಕಂಡುಕೊಂಡದ್ದೂ ಈ ಮೂಕಪ್ರಾಣಿಗಳ ನೆರವಿನಿಂದಲೇ. ನಮ್ಮಂತೆಯೇ ಅವೂ ಸಿ ಜೀವಸತ್ವವನ್ನು ತಮ್ಮ ದೇಹದಲ್ಲಿ ತಯಾರಿಸಿಕೊಳ್ಳಲಾರವು.

ಅವುಗಳಿಗೆ 18ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. 27 ದಾಟಿದರೆ ಅಪಾಯ ಸಮೀಪಿಸಿತೆಂದೇ ತಿಳಿಯಬೇಕು. ಬೆವರಿ ಮೈಯನ್ನು ತಂಪು ಮಾಡಿಕೊಳ್ಳುವ ಸೌಕರ್ಯವನ್ನು ಪ್ರಕೃತಿ ಅವಕ್ಕೆ ನೀಡಿಲ್ಲ. ಆದುದರಿಂದ ಬರಿಯ ಬೀಸಣಿಗೆಯ ಗಾಳಿ ನಮಗೆ ಕೊಡುವ ಸುಖವನ್ನು ಅವಕ್ಕೆ ಕೊಡದು. ಗಾಳಿ ಬೀಸುವ ಮುನ್ನ ತಂಪಾಗಿರಬೇಕು.

ಆ ವರ್ಷ ನೀರಿನದೇ ಚಿಂತೆ. ಹಿಂದಿನ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ನೆರೆಮನೆಯ ಅಜ್ಜಿ ನಮ್ಮ ಗೂಡನ್ನು ನೋಡಿ, "ಮೇಷ್ಟ್ರೇ, ಮನುಷ್ಯರಿಗೇ ನೀರಿಲ್ಲ, ಈ ಇಲಿಗಳಿಗೆ ಇಷ್ಟು ಉಪಚಾರವೇ?" ಎಂದು ಕೇಳಿದರು. ಕೊಡ ಹೊತ್ತು ಸವೆದ ಜೀವದ ಮಾತು ಅದು, ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಪ್ರಾಣಿಯೂ ಬದುಕಬೇಕು, ನೀರೂ ಉಳಿಯಬೇಕು, ಇದಕ್ಕೆ ಉಪಾಯವೇನು?

ಉತ್ತರ ನಮ್ಮ ಸೀಮೆಯಲ್ಲಿಯೇ ಇತ್ತು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ರೈತರು ಬೇಸಿಗೆಯಲ್ಲಿ ಕಿಟಕಿ ಬಾಗಿಲುಗಳಿಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದಷ್ಟೂ ಈ ಕ್ರಿಯೆ ಚುರುಕು. ಕರಾವಳಿಯ ತೇವದ ಹವೆಯಲ್ಲಿ ಅಷ್ಟಾಗಿ ಫಲಿಸದ ಈ ಉಪಾಯ ನಮ್ಮ ಒಣ ಹವೆಯಲ್ಲಿ ಸೊಗಸಾಗಿ ಫಲಿಸುತ್ತದೆ. ಶೀಟಿನ ಮಾಡಿನಡಿ ಇಡದೆ, ಗೂಡನ್ನು ನಡುಮನೆಯ ಕಲ್ಲುಚಪ್ಪಡಿಯ ಮೇಲಿರಿಸಿ, ಕಿಟಕಿಗೆ ಗೋಣಿತಾಟು ಕಟ್ಟಿದೆವು. ಗೂಡಿನೊಳಗೆ ಒಂದು ಮಣ್ಣಿನ ಮಡಕೆಯನ್ನು ಅಡ್ಡವಾಗಿ ಮಲಗಿಸಿ ಅದರ ಹೊರಮೈಯನ್ನು ಒದ್ದೆ ಮಾಡಿದೆವು. ಇವುಗಳಿಗೆ ತರಕಾರಿ ತೊಳೆದ ನೀರೇ ಸಾಕಾಯಿತು. ಕುಡಿಯಲು ಮಾತ್ರ ಶುದ್ಧ ನೀರು; ಅದೂ ಒಂದೊಂದಕ್ಕೆ ದಿನಕ್ಕೆ ಸುಮಾರು 100 ಮಿಲಿಲೀಟರು, ಸೆಕೆ ಏರಿದಾಗ ತುಸು ಹೆಚ್ಚು. ಹುಲ್ಲಿನೊಡನೆ ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಸೀಬೆಹಣ್ಣಿನ ಚೂರುಗಳನ್ನು ಕೊಡುತ್ತಿದ್ದೆವು.

ಮೇ ತಿಂಗಳ ಒಂದು ಮಧ್ಯಾಹ್ನ ವಿಪರೀತ ಧಗೆ, ವಿದ್ಯುತ್ತೂ ಇರಲಿಲ್ಲ. ಎರಡರಲ್ಲಿ ಸಣ್ಣದು ಕಾಲು ಚಾಚಿ ಬಿದ್ದುಕೊಂಡು, ಜೊಲ್ಲು ಸುರಿಸುತ್ತ ವೇಗವಾಗಿ ಉಸಿರಾಡುತ್ತಿತ್ತು. "ತಾತ, ಐಸ್ ನೀರಿನಲ್ಲಿ ಅದ್ದೋಣವೇ?" ಎಂದು ಮಗು ಅಳುತ್ತ ಕೇಳಿತು. ಬೇಡವೆಂದೆ. ಹಿಮದಷ್ಟು ತಣ್ಣನೆಯ ನೀರು ತಗುಲಿದರೆ ಚರ್ಮದ ರಕ್ತನಾಳಗಳು ಸಂಕುಚಿಸಿ ಒಳಗಿನ ಶಾಖ ಹೊರಬರಲಾರದು, ಆಘಾತವೂ ಆದೀತು. ನಮ್ಮ ಮನೆಯ ಹರವಿ ಅಂದು ತಳ ಕಂಡಿತ್ತು. ಸದ್ದು ಕೇಳಿ ಬಂದ ಅದೇ ಅಜ್ಜಿ ಒಂದು ಮಾತನ್ನೂ ಆಡದೆ ಮನೆಗೆ ಹೋಗಿ, ತಮ್ಮ ಹರವಿಯಿಂದ ಒಂದು ಚೊಂಬು ನೀರು ತಂದಿಟ್ಟರು. "ಬಾಯಿಲ್ಲದ ಜೀವ" ಎಂದಷ್ಟೇ ಅಂದರು. ಆ ನೀರಿನಲ್ಲಿ ಬಟ್ಟೆಯನ್ನದ್ದಿ ಅದರ ಕಿವಿ, ಪಾದಗಳನ್ನು ಮೆಲ್ಲಗೆ ಒರೆಸಿದೆವು. ರೋಮವಿಲ್ಲದ ಕಿವಿಗಳ ಮೂಲಕವೂ ಅದರ ದೇಹದ ಶಾಖ ಹೊರಹೋಗುವುದು. ಅರ್ಧ ಗಂಟೆಯಲ್ಲಿ ಅದು ತಲೆಯೆತ್ತಿ ನೀರು ಕುಡಿಯಿತು. ಸಂಜೆ ಪಶುವೈದ್ಯರಿಗೆ ತೋರಿಸಿದೆವು. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸುವುದು ಕ್ಷೇಮ.

ಇದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಇಸಿಲದ ಅಧಿಕಾರಿಗಳಿಗೆ ಬರೆದ ಆ ಶಾಸನವು ತಂದೆತಾಯಿಗಳ ಸೇವೆ, ಸತ್ಯವಚನ, ಶಿಷ್ಯನ ಗುರುಭಕ್ತಿ ಇವುಗಳ ಸಾಲಿನಲ್ಲಿಯೇ ಪ್ರಾಣಿಗಳ ಮೇಲಣ ಆದರವನ್ನೂ ಎಣಿಸುತ್ತದೆ. ಆ ಅಜ್ಜಿಗೆ ಬ್ರಾಹ್ಮೀ ಲಿಪಿ ಓದಲು ಬಾರದು. ಆದರೂ ಬರಗಾಲದಲ್ಲಿ ಅವರಿತ್ತ ಆ ಚೊಂಬು ನೀರಿಗಿಂತ ಮಿಗಿಲಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

ವಿದ್ಯಾರ್ಥಿ ಮಿತ್ರರೇ, ಗಿನಿ ಹಂದಿ ನಿಮ್ಮೆಲ್ಲರ ಮನೆಯಲ್ಲಿರಲಾರದು. ಆದರೆ ಅಂಗಳಕ್ಕಿಳಿಯುವ ಗುಬ್ಬಿ, ಬೀದಿಯ ನಾಯಿ, ಕೊಟ್ಟಿಗೆಯ ಕರು ಎಲ್ಲೆಡೆಯೂ ಇವೆ. ಬೇಸಿಗೆಯಲ್ಲಿ ಅವುಗಳಿಗೂ ಒಂದಿಷ್ಟು ನೆರಳು, ಒಂದು ಬೋಗುಣಿ ನೀರು ದೊರೆಯಲಿ.