ಒಂದೇ ಮಗುವಿನ ಅನುಭವ

ಬಾಣಂತಿ ಇರುವ ಮನೆಯನ್ನು ಯಾರೂ ಹೇಳದೆಯೇ ಗುರುತಿಸಬಹುದು. ಅಂಗಳದ ಈ ತುದಿಯಿಂದ ಆ ತುದಿಗೆ ಕಟ್ಟಿದ ಹಗ್ಗದ ಮೇಲೆ ಅಜ್ಜನ ಹಳೆಯ ಪಂಚೆ, ಅಜ್ಜಿಯ ಹಳೆಯ ನೂಲಿನ ಸೀರೆ ತುಂಡು ತುಂಡಾಗಿ ತೂಗುತ್ತಿರುತ್ತವೆ. ಮಳೆಗಾಲವಾದರೆ ಈ ಮೆರವಣಿಗೆ ಅಂಗಳದಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ, ಕೊನೆಗೆ ಅಡಿಗೆಮನೆಯ ಒಲೆಯ ನೆತ್ತಿಗೂ ಬಂದು ನಿಲ್ಲುತ್ತದೆ. ತೀರ್ಥಹಳ್ಳಿ ಸೀಮೆಯ ಆ ಮನೆಯಲ್ಲೂ ಕಳೆದ ಮಳೆಗಾಲದಲ್ಲಿ ಹಾಗೆಯೇ ಆಗಿತ್ತು.

ಬೆಂಗಳೂರಿನ ಮಗಳು ಬಾಣಂತನಕ್ಕೆ ಬಂದಿದ್ದಳು. ಆರಿದ್ರಾ ಮಳೆಯಲ್ಲಿ ಹೆರಿಗೆಯಾಗಿ, ಪುನರ್ವಸು ಹಿಡಿಯುವ ಹೊತ್ತಿಗೆ ಕೂಸು ಮನೆಗೆ ಬಂತು. ಬರುವಾಗ ಅಳಿಯ ಕಾರಿನ ಡಿಕ್ಕಿ ತುಂಬ ಡೈಪರ್ ಪೊಟ್ಟಣಗಳನ್ನು ಹೇರಿಕೊಂಡು ಬಂದಿದ್ದ. ವಾರ ಕಳೆಯುವುದರೊಳಗೆ ಮಗುವಿನ ತೊಡೆಸಂದಿ ಕೆಂಪಾಯಿತು. ಅಜ್ಜಿ ಪೊಟ್ಟಣಗಳನ್ನೆಲ್ಲ ಎತ್ತಿ ಅಟ್ಟದ ಮೇಲಿಟ್ಟಳು.

“ಪ್ಲಾಸ್ಟಿಕ್ ಸುತ್ತಿದರೆ ಇನ್ನೇನಾಗುತ್ತೆ? ಮೂರು ಮಕ್ಕಳನ್ನು ಸಾಕಿದವಳು ಕಣೇ ನಾನು” ಎಂದಳು. ಮಗಳು ಮಾತಾಡಲಿಲ್ಲ.

ಟ್ರಂಕು ತೆರೆದದ್ದಾಯಿತು. ನುಸಿಗುಳಿಗೆಯ ಘಾಟು ಹೊಡೆಯುವ ಹಳೆಯ ಬಟ್ಟೆಗಳನ್ನು ಅಜ್ಜಿ ಹರಿಯಲು ಕೂತಾಗಲೇ ಮಗು ನೋಡಲು ಆಶಾ ಕಾರ್ಯಕರ್ತೆ ಬಂದಳು. ಬಂದವಳು ಮೊದಲು ಮಾಡಿದ ಕೆಲಸ, ಆ ಬಟ್ಟೆಗಳನ್ನು ಕೋಣೆಯಿಂದ ಹೊರಗೆ ಹಾಕಿಸಿದ್ದು. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ; ಅಂಥ ಮಕ್ಕಳಿಗೆ ನ್ಯಾಫ್ತಲೀನ್ ಗುಳಿಗೆಯ ಅಂಶ ಸೋಕಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಯಾವ ಮಗುವಿಗೆ ಆ ಕೊರತೆ ಇದೆಯೆಂದು ಮುಖ ನೋಡಿ ಹೇಳಲಾಗುವುದಿಲ್ಲ. ಟ್ರಂಕಿನ ಬಟ್ಟೆ ಟ್ರಂಕಿಗೇ ಹೋಯಿತು. ಅಜ್ಜ ದಿನಾ ಉಡುತ್ತಿದ್ದ ಪಂಚೆಗಳಲ್ಲಿ ನಾಲ್ಕು ಲಂಗೋಟಿಗಳಾದವು.

ಒಗೆಯಲು ಅಜ್ಜಿ ಸಾಬೂನು ಮುಟ್ಟಲಿಲ್ಲ. ತೋಟದಂಚಿನ ಅಂಟುವಾಳದ ಮರದ ಕಾಯಿ ಅಟ್ಟದ ಮೇಲೆ ಒಂದು ಚೀಲ ಇತ್ತು. ರೇಷ್ಮೆ ಸೀರೆಗೆ, ಬಂಗಾರದ ಸರಕ್ಕೆ ಅದೇ ನೊರೆ. ಹಸುಗೂಸಿನ ಬಟ್ಟೆಗೆ ಅದಕ್ಕಿಂತ ಮೆತ್ತಗಿನದು ಯಾವುದಿದೆ? ಒಂದು ದೊಡ್ಡ ಪಾತ್ರೆಯಲ್ಲಿ ಕಾಯಿ ನೆನೆಸಿಟ್ಟು, ಮೂರು ನಾಲ್ಕು ದಿನ ಅದೇ ನೀರಲ್ಲಿ ಅದ್ದಿ, ಹಿಂಡಿ, ಜಗಲಿಯ ಗಳಕ್ಕೆ ಹಾಕುತ್ತಿದ್ದಳು. ದಿನಕ್ಕೆ ಇಪ್ಪತ್ತು ಲಂಗೋಟಿ. ಪುಷ್ಯ ಮಳೆ ಹಗಲಿರುಳು ಹೊಯ್ಯುತ್ತಿತ್ತು. ನಿನ್ನೆಯದು ಒಣಗುವ ಮೊದಲೇ ಇವತ್ತಿನದು ಬರುತ್ತಿತ್ತು. ಮುಟ್ಟಿದರೆ ಒಣಗಿದಂತೆ, ಕೆನ್ನೆಗೆ ಒತ್ತಿದರೆ ತಣ್ಣಗೆ.

ಹತ್ತನೆಯ ದಿನಕ್ಕೆ ಕೆಂಪು ಮತ್ತೆ ಬಂತು. ಈ ಸಲ ಬರೀ ಕೆಂಪಲ್ಲ, ಸಂದಿಯ ಮಡಿಕೆಗಳ ಒಳಗೂ ಇಳಿದು, ಸುತ್ತ ಸಣ್ಣ ಸಣ್ಣ ಗುಳ್ಳೆಗಳ ಚುಕ್ಕಿ. ಮಗು ಉಚ್ಚೆ ಹೊಯ್ದಾಗಲೆಲ್ಲ ಕಿರುಚುತ್ತಿತ್ತು. ಒಂದು ರಾತ್ರಿ ಅಜ್ಜಿಗೆ ಎಚ್ಚರವಾಗಿ ನೋಡಿದರೆ, ಮಗಳು ಸ್ಟೂಲಿನ ಮೇಲೆ ಹತ್ತಿ ಅಟ್ಟದಿಂದ ಡೈಪರ್ ಪೊಟ್ಟಣ ಇಳಿಸುತ್ತಿದ್ದಳು. ಬಾಣಂತಿ ಸ್ಟೂಲು ಹತ್ತಿದ್ದಕ್ಕೆ ಬಯ್ಯಬೇಕೆನಿಸಿದರೂ ಅಜ್ಜಿಯ ಬಾಯಿಂದ ಮಾತು ಹೊರಡಲಿಲ್ಲ. ಮಾರನೆಯ ದಿನ ಇಬ್ಬರೂ ಊಟ, ಎಣ್ಣೆ, ನೀರು ಇವಿಷ್ಟರ ಆಚೆಗೆ ಮಾತೇ ಆಡಲಿಲ್ಲ.

ಪೇಟೆಯ ಡಾಕ್ಟರು ನೋಡಿದವರೇ ಇದು ಬೂಷ್ಟಿನ ಜಾತಿಯ ಸೋಂಕು ಎಂದರು. ಬೆಚ್ಚಗೆ, ಒದ್ದೆಯಾಗಿ ಇದ್ದಲ್ಲಿ ಅದು ಬೆಳೆಯುತ್ತದೆ. ಪ್ಲಾಸ್ಟಿಕ್ಕೋ ಬಟ್ಟೆಯೋ ಎಂದು ಅದು ಕೇಳುವುದಿಲ್ಲ. ಮುಲಾಮು ಬರೆದುಕೊಟ್ಟು, ದಿನಕ್ಕೆ ಒಂದಷ್ಟು ಹೊತ್ತು ಮಗುವನ್ನು ಏನೂ ಸುತ್ತದೆ ಬಿಡಿ ಎಂದರು. ಆಮೇಲೆ ಅಜ್ಜಿಯ ಕಡೆ ತಿರುಗಿ, “ನೊರೆಯಿಂದ ಕೊಳೆ ಹೋಗುತ್ತದೆ ಅಮ್ಮಾ, ಸೋಂಕು ಹೋಗುವುದಿಲ್ಲ. ಆಗಿನ ಕಾಲದಲ್ಲಿ ನೀವು ಹೇಗೆ ಒಗೆಯುತ್ತಿದ್ದಿರಿ?” ಎಂದು ಕೇಳಿದರು.

ಅಜ್ಜಿ ಉತ್ತರ ಕೊಡಲಿಲ್ಲ. ವಾಪಸು ಬರುವಾಗ ಆಟೋದಲ್ಲಿ, ಸೆರಗಿನಿಂದ ಮಗುವಿಗೆ ಮಳೆಯ ಎರಚಲು ಮರೆ ಮಾಡಿಕೊಂಡು ಹೇಳಿದಳು: “ನಿನ್ನ ಬಟ್ಟೆ ನಾನು ಒಂದು ದಿನವೂ ಒಗೆದವಳಲ್ಲ ಕಣೇ. ಬಾಣಂತಿ ತಣ್ಣೀರು ಮುಟ್ಟಬಾರದು ಅಂತ ನನ್ನ ಅಮ್ಮನೇ ಒಗೀತಿದ್ದಳು. ಆಮೇಲೆ ಗಂಡನ ಮನೆಯಲ್ಲಿ ಕೆಲಸಕ್ಕೆ ಜನ ಇತ್ತು. ಅಂಟುವಾಳದ ನೊರೆ ನೋಡಿದ್ದೆ, ಅಷ್ಟೇ.”

ಮಗಳು ಒಂದು ಕ್ಷಣ ಸುಮ್ಮನಿದ್ದು, “ನೋಡಿದ್ದು ಬಿಟ್ಟು ಇನ್ನೇನು ಕೇಳಿಸ್ತಿತ್ತು ಅಮ್ಮಾ, ಕೋಣೆಯೊಳಗೆ?” ಎಂದಳು.

ಆ ಪ್ರಶ್ನೆಯಿಂದ ಕೆಲಸ ಸುಲಭವಾಯಿತು. ಬಾಣಂತಿ ಕೋಣೆಯ ಕತ್ತಲಲ್ಲಿ ಮಲಗಿದ್ದವಳ ಕಿವಿಗೆ ಬೀಳುತ್ತಿದ್ದುದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಮೊದಲು ಬಾವಿಯ ರಾಟೆಯ ಸದ್ದು, ಒಗೆಯುವ ಕಲ್ಲಿನ ಮೇಲೆ ತಣ್ಣೀರು ಸುರಿಯುವ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕಲ್ಲಿಗೆ ಬಡಿಯುವ ಸದ್ದು. ಆಮೇಲೆ ಬಚ್ಚಲ ಹಂಡೆ ಕೊತಕೊತ ಕುದಿಯುವುದು. ಕೊನೆಗೆ ಕೆಂಡದ ಬಿಸಿ, ಬಿಸಿಯಾದ ಬಿದಿರಿನ ವಾಸನೆ.

ಸದ್ದುಗಳ ಹಿಂದೆ ಕಾರಣಗಳಿದ್ದವು. ಹೇಲಿನ ಬಟ್ಟೆಗೆ ಮೊದಲೇ ಬಿಸಿನೀರು ಹಾಕಿದರೆ ಅದರ ಪ್ರೋಟೀನು ನೂಲಿಗೆ ಕಚ್ಚಿಕೊಂಡು ಕಲೆ ನಿಲ್ಲುತ್ತದೆ, ತಣ್ಣೀರೇ ಮೊದಲಾಗಬೇಕು. ಉಚ್ಚೆಯ ಬಟ್ಟೆಯೂ ಅಷ್ಟೆ: ತೊಳೆಯದೆ ಗುಡ್ಡೆ ಹಾಕಿದರೆ ಅದರಲ್ಲಿನ ಯೂರಿಯಾ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಅಮೋನಿಯಾ ಆಗುತ್ತದೆ. ಮೂಗಿಗೆ ಹೊಡೆಯುವ ಆ ಘಾಟೇ ಎಳೆಯ ಚರ್ಮವನ್ನೂ ಸುಡುತ್ತದೆ. ಹಾಗಾಗಿ ಬಿಚ್ಚಿದ ಕೂಡಲೇ ಒಂದು ಜಾಲು.

ಇನ್ನು ಅಂಟುವಾಳ. ಬೀಜ ತೆಗೆದ ಎಂಟು ಹತ್ತು ಸಿಪ್ಪೆಗಳನ್ನು ಒಂದು ಲೀಟರು ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಕಿವುಚಿ ಸೋಸಿಕೊಳ್ಳಬೇಕು. ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ವಸ್ತುವೇ ನೊರೆಯ ಮೂಲ. ಅದು ಕೊಳೆಯನ್ನು ಮೆಲ್ಲಗೆ ಬಿಡಿಸುತ್ತದೆ, ನೂಲನ್ನು ಒರಟು ಮಾಡುವುದಿಲ್ಲ. ಆದರೆ ಈ ಕಷಾಯ ಇಟ್ಟರೆ ಹುಳಿಯುತ್ತದೆ. ಮೂರು ದಿನದ ನೀರಿನಲ್ಲಿ ಒಗೆದದ್ದು ಅಜ್ಜಿಯ ಮೊದಲ ತಪ್ಪಾಗಿತ್ತು. ಅರ್ಧ ಗಂಟೆ ನೆನೆಸಿ, ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ಎರಡು ಮೂರು ನೀರಲ್ಲಿ ಜಾಲಿಸಬೇಕು. ಆ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಸಪೋನಿನ್ ಮೀನಿಗೆ ವಿಷ. ಅಜ್ಜ ಅದನ್ನು ತೆಂಗಿನ ಬುಡಕ್ಕೆ ತಿರುಗಿಸಿದ.

ನೊರೆಗೆ ಆಗದ ಕೆಲಸವನ್ನು ಹಂಡೆ ಮಾಡುತ್ತದೆ. ಒಗೆದ ಬಟ್ಟೆಯನ್ನು ಹತ್ತು ನಿಮಿಷ ಮಳಮಳ ಕುದಿಯುವ ನೀರಲ್ಲಿ ಬಿಟ್ಟು ತೆಗೆಯುವುದು. ಆಮೇಲೆ ಒಣಗಿಸುವುದು: ಹೊಗೆಯೆಲ್ಲ ಆರಿದ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಲಂಗೋಟಿ ಹರಡುವುದು. ಮಗುವಿನ ಕೋಣೆಯಲ್ಲಲ್ಲ, ಬಚ್ಚಲಲ್ಲಿ. ಆಮೇಲೂ ಸಂಶಯವಿದ್ದರೆ ಇಸ್ತ್ರಿಪೆಟ್ಟಿಗೆ. ಮುಲಾಮಿನ ಜೊತೆ ಈ ಉಪಚಾರವೂ ಸೇರಿ, ಆಶ್ಲೇಷ ಮುಗಿಯುವ ಹೊತ್ತಿಗೆ ಮಗುವಿನ ಚರ್ಮ ತಿಳಿಯಾಯಿತು. ರಾತ್ರಿಗೆ ಮಾತ್ರ ಅಟ್ಟದ ಪೊಟ್ಟಣದಿಂದ ಒಂದು ಡೈಪರ್. ಅದಕ್ಕೆ ಅಜ್ಜಿಯೂ ತಕರಾರು ಮಾಡಲಿಲ್ಲ. ಬಾಣಂತಿಗೂ ನಿದ್ದೆ ಬೇಕಲ್ಲ!

ಹಳದಿ ಕಲೆಗಳು ಮಾತ್ರ ಏನು ಮಾಡಿದರೂ ಹೋಗಿರಲಿಲ್ಲ. ಮಘಾ ಮಳೆ ಒಂದು ದಿನ ಬಿಡುವು ಕೊಟ್ಟಾಗ ಅಜ್ಜಿ ಎಲ್ಲವನ್ನೂ ಒದ್ದೆಯಾಗಿಯೇ ಬಿಸಿಲಿಗೆ ಹರವಿದಳು. ಸಂಜೆಗೆ ನೋಡಿದರೆ ಮಲ್ಲಿಗೆಯಂತೆ ಬೆಳ್ಳಗೆ! ಎದೆಹಾಲು ಕುಡಿಯುವ ಕೂಸಿನ ಹೇಲಿನ ಹಳದಿ ಪಿತ್ತದ ಬಣ್ಣ, ಬಿಲಿರುಬಿನ್. ಬೆಳಕು ಬಿದ್ದರೆ ಅದು ಕರಗುತ್ತದೆ. ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ದಾದಿ, ಬಿಸಿಲು ಬಿದ್ದ ಕಡೆ ಕಾಮಾಲೆಯ ಮಗುವಿನ ಮೈಬಣ್ಣ ತಿಳಿಯಾಗುವುದನ್ನು ಗಮನಿಸಿದ್ದಳು. ಅಲ್ಲಿನ ವೈದ್ಯರು 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಮುಂದೆ ಆಸ್ಪತ್ರೆಗಳಿಗೆ ನೀಲಿ ಬೆಳಕಿನ ತೊಟ್ಟಿಲು ಬಂತು. ಕೂಸು ಹುಟ್ಟಿದ ಮೂರನೆಯ ದಿನ ಅಂಥದೇ ಬೆಳಕಿನಡಿ ಮಲಗಿತ್ತು. ಮೊಮ್ಮಗುವಿಗೂ ಅದರ ಲಂಗೋಟಿಗೂ ಒಂದೇ ಮದ್ದೆಂದು ಮಗಳು ವಿವರಿಸಿದಾಗ ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಐದನೆಯ ತಿಂಗಳಿಗೆ ತಾಯಿ ಮಗು ಬೆಂಗಳೂರಿಗೆ ಹೋದರು. ಹದಿನೈದು ದಿನಕ್ಕೇ ಫೋನು ಬಂತು: “ಅಮ್ಮಾ, ಸಾಬೂನು ಹಾಕಿದರೆ ಬಟ್ಟೆ ರಟ್ಟಿನ ಹಾಗಾಗುತ್ತೆ.” ಕೊಳವೆಬಾವಿಯ ಗಡಸು ನೀರು ಸಾಬೂನಿನೊಡನೆ ಸೇರಿದರೆ ಸುಣ್ಣದಂಥ ಜಿಡ್ಡಾಗಿ ನೂಲಿಗೆ ಅಂಟುತ್ತದೆ, ಬಟ್ಟೆ ಒರಟಾಗುವುದಷ್ಟೇ ಅಲ್ಲ, ನೀರನ್ನೇ ಹೀರುವುದಿಲ್ಲ. ಅಂಟುವಾಳ ಆ ಜಿಡ್ಡು ಕಟ್ಟುವುದಿಲ್ಲ. ಬೆಂಗಳೂರಿನ ಬಸ್ಸಿಗೆ ಒಂದು ಚೀಲ ಸಿಪ್ಪೆ ಹತ್ತಿತು.

ಈ ವರ್ಷ ಪಕ್ಕದ ಮನೆಯಲ್ಲೊಂದು ಬಾಣಂತನ. ಸಲಹೆ ಕೇಳಲು ಬಂದವರು, “ನಿಮಗೇನು, ಮೂರು ಮಕ್ಕಳ ಅನುಭವ” ಎಂದರು.

“ಮೂರಲ್ಲ ಮಾರಾಯ್ತಿ, ಒಂದೇ” ಎಂದಳು ಅಜ್ಜಿ, ಅಂಟುವಾಳದ ಬೀಜ ಬಿಡಿಸುತ್ತ. “ಅದೂ ಹೋದ ವರ್ಷದ್ದು.”