ಅಪ್ಪನ ನೀರಿನ ಲೆಕ್ಕ

ನಾಸಿಕದ ರಾಮಕುಂಡದಲ್ಲಿ ನಿಂತವರಿಗೆ ಗೋದಾವರಿ ಯಾರ ಹಂಗೂ ಇಲ್ಲದೆ ಹರಿದು ಬರುತ್ತಿರುವಂತೆ ಕಾಣುತ್ತದೆ. ಆದರೆ ಮಳೆಗಾಲ ಕಳೆದ ಮೇಲೆ ಆ ಕುಂಡ ನೆಚ್ಚಿಕೊಂಡಿರುವುದು ಮೇಲಿನ ಗಂಗಾಪುರ ಅಣೆಕಟ್ಟಿನಿಂದ ಬಿಡುವ ನೀರನ್ನು. 2016ರ ಬರಗಾಲದಲ್ಲಿ, ಯುಗಾದಿಯ ಹೊತ್ತಿಗೆ, ಕುಂಡವೇ ಬತ್ತಿ ಟ್ಯಾಂಕರಿನಲ್ಲಿ ನೀರು ತಂದು ಸುರಿಯಬೇಕಾಯಿತು. ಅದೇ ಕುಂಡದ ಒಂದು ಭಾಗಕ್ಕೆ ಅಸ್ಥಿವಿಲಯ ತೀರ್ಥ ಎಂಬ ಹೆಸರಿದೆ. ಅಲ್ಲಿ ಬಿಟ್ಟ ಅಸ್ಥಿ ಕರಗಿಹೋಗುತ್ತದೆ ಎಂಬುದು ನಂಬಿಕೆ. 1948ರಲ್ಲಿ ಗಾಂಧೀಜಿಯವರ ಅಸ್ಥಿಯನ್ನೂ ರಾಮಕುಂಡದಲ್ಲಿ ವಿಸರ್ಜಿಸಿದ್ದರು. ನಾನೂ ಅಕ್ಕನೂ ಅಪ್ಪನದನ್ನು ಬಿಟ್ಟದ್ದು ಅಲ್ಲೇ.

ಅದಾದ ಮೇಲೆ ನಾನೊಂದು ಕಥೆ ಬರೆದೆ. ಗಂಗಾಪುರದ ಹಿನ್ನೀರಿನ ದಂಡೆಯಲ್ಲೊಂದು ಮನೆ, ಕಿಟಕಿಯ ಪಕ್ಕ ಮಲಗಿದ ಒಬ್ಬ ಮುದುಕ. ಮಗನ ಕೈಯಿಂದ ಒಂದು ಗುಟುಕು ಗೋದಾವರಿಯ ನೀರು ಕುಡಿದು, ನಿರಾಳವಾಗಿ ಕಣ್ಣು ಮುಚ್ಚುತ್ತಾನೆ. ಅವನ ಬೂದಿ ನದಿಯ ಜೊತೆ ತಡೆಯಿಲ್ಲದೆ ಕಡಲಿಗೆ ಹೋಗುತ್ತದೆ. ಕಾಲ, ಪ್ರವಾಹ, ಸಾಗರ, ಎಲ್ಲವನ್ನೂ ಅದರಲ್ಲಿ ತುಂಬಿದ್ದೆ. ಒಂದು ದೀಪಾವಳಿ ವಿಶೇಷಾಂಕದಲ್ಲಿ ಅಚ್ಚಾಯಿತು. ಸಾವನ್ನು ಎಷ್ಟು ಚೆಂದ ಬರೆದಿದ್ದೀರಿ ಎಂದು ಕೆಲವರು ಫೋನ್ ಮಾಡಿದರು.

ಅಕ್ಕ ಓದಿ ಹೇಳಿದ್ದು ಒಂದೇ ಮಾತು. “ತಮ್ಮಾ, ನಿನ್ನ ಕಥಿಯೊಳಗ ಅಪ್ಪಗ ನೀರಡಿಕೀನ ಆಗಿಲ್ಲಲ್ಲೋ.”

ಅಪ್ಪ ಗದಗಿನ ಕಡೆಯವರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕೆಲಸ ಕಲಿತು, ನಾಸಿಕದ ಹತ್ತಿರದ ಓಝರಿನ ಮಿಗ್ ವಿಮಾನ ಕಾರ್ಖಾನೆಗೆ ವರ್ಗವಾಗಿ ಬಂದ ಅನೇಕ ಕನ್ನಡಿಗರಲ್ಲಿ ಒಬ್ಬರು. ನಿವೃತ್ತರಾದ ಮೇಲೆ ಗಂಗಾಪುರ ರಸ್ತೆಯಲ್ಲಿ ಮನೆ ಮಾಡಿದರು. ಕಡೆಗೆ ಕಿಡ್ನಿ ಎರಡೂ ಕೈಕೊಟ್ಟವು. ವಾರಕ್ಕೆ ಮೂರು ಡಯಾಲಿಸಿಸ್. ಮೂತ್ರ ಕಟ್ಟಿದ ಮೈಯಲ್ಲಿ ಕುಡಿದ ನೀರಿಗೆ ಹೊರದಾರಿ ಇಲ್ಲ. ಒಂದು ಡಯಾಲಿಸಿಸ್‌ನಿಂದ ಇನ್ನೊಂದರ ಹೊತ್ತಿಗೆ ಅದು ಕಾಲಿಗೆ ಇಳಿದು ಬಾವು ಬರುತ್ತದೆ, ಹೆಚ್ಚಾದರೆ ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟುತ್ತದೆ. ಹಾಗಾಗಿ ಚಹಾ, ಸಾರು, ಮಜ್ಜಿಗೆ, ಗುಳಿಗೆ ನುಂಗುವ ನೀರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರು ದಾಟಬಾರದು ಎಂದು ಡಾಕ್ಟರು ಹೇಳಿದ್ದರು.

ಜೀವಮಾನವೆಲ್ಲ ಮೈಕ್ರೋಮೀಟರ್ ಹಿಡಿದು ಲೋಹ ಅಳೆದ ಮನುಷ್ಯ ಅವರು. ಸ್ಟೀಲಿನ ಲೋಟದ ಒಳಮೈಗೆ ಮೊಳೆಯಿಂದ ಗೀರು ಹಾಕಿ ಅಳತೆ ಮಾಡಿಕೊಂಡರು. ಒಂದು ಉದ್ದನೆಯ ವಹಿಯಲ್ಲಿ ದಿನದ ಲೆಕ್ಕ ಬರೆದರು: “ಚಹಾ 80. ಗುಳಗಿ ನೀರು 30. ಮಜ್ಜಿಗಿ 100. ಬರ್ಫ ಎರಡು ತುಂಡು.” ಪಕ್ಕದಲ್ಲಿ ಡಯಾಲಿಸಿಸ್‌ಗೆ ಮುಂಚಿನ ತೂಕ, ಆಮೇಲಿನ ತೂಕ. ಬೇಸಿಗೆಯ ಒಂದು ಪುಟದಲ್ಲಿ ಲೆಕ್ಕದ ಕೆಳಗೆ ಸಣ್ಣಗೆ ಬರೆದಿದ್ದಾರೆ: “ರಾತ್ರಿ 50 ಹೆಚ್ಚು ಕುಡದೆ. ಮಗಳಿಗೆ ಹೇಳಿಲ್ಲ.”

ಈ ವಹಿ ನಾನು ನಾಸಿಕದ ಮನೆಗೆ ಹೋದಾಗಲೆಲ್ಲ ಟೀಪಾಯಿಯ ಮೇಲೇ ಇರುತ್ತಿತ್ತು. ಬರೆಯುವವನಾದ ನಾನು ಅದನ್ನು ತೆರೆದು ನೋಡಲಿಲ್ಲ. ಲೆಕ್ಕದ ಪುಸ್ತಕ ತಾನೇ ಎಂದುಕೊಂಡೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಒಂದು ಮಧ್ಯಾಹ್ನ ಅಪ್ಪ ತಾವಾಗಿಯೇ ಕೇಳಿದ್ದರು: “ನೀ ಬರಿಯಾಂವ ಇದ್ದೀ. ನಾ ಹೇಳ್ತೀನಿ, ಒಂದಿಷ್ಟು ಬರಕೊಳ್ಳತೀಯೇನು?” ಸಂಜೆ ರೈಲು ಹಿಡಿಯಬೇಕಿತ್ತು. “ಮುಂದಿನ ಸಲ ಆರಾಮ ಕೂಡೂಣಪ್ಪಾ” ಎಂದೆ. ಆ ಮುಂದಿನ ಸಲಕ್ಕೆ ಅಪ್ಪ ಇರಲಿಲ್ಲ. ಏನು ಬರೆಸಬೇಕೆಂದಿದ್ದರೋ ಅಕ್ಕನಿಗೂ ಗೊತ್ತಿಲ್ಲ.

ಸಾವಿನ ಬಗ್ಗೆ ಬರೆಯುತ್ತಿದ್ದೇನೆ ಎಂದು ನಾನು ತಿಳಿದಿದ್ದೆ. ನಿಜವಾಗಿ ಮಾಡಿದ್ದು, ಅಪ್ಪ ಕರೆದಾಗ ಹತ್ತಿರ ಕೂರದ ಸಂಕಟದಿಂದ ತಪ್ಪಿಸಿಕೊಳ್ಳುವ ಕೆಲಸ. ಕಥೆಯ ಮಗ ಕೊನೆಯ ಗುಟುಕು ಕುಡಿಸಿದ್ದು ನಾನು ಅಲ್ಲಿ ಇರಲಿಲ್ಲ ಎಂಬ ಕಾರಣಕ್ಕೇ. ಆ ನದಿಯೂ ಸುಳ್ಳು. ರಾಮಕುಂಡ ದಾಟಿದ ಗೋದಾವರಿ ಸಂಭಾಜಿನಗರ ಜಿಲ್ಲೆಯ ಇನ್ನೊಂದು ಗಂಗಾಪುರ ತಾಲೂಕಿನ ಅಂಚಿನಲ್ಲಿ ಹಾದು ಜಾಯಕವಾಡಿ ಜಲಾಶಯದಲ್ಲಿ ನಿಲ್ಲುತ್ತದೆ. ನಾಸಿಕದ ಅಣೆಕಟ್ಟುಗಳಿಂದ ಕೆಳಗೆ ಎಷ್ಟು ನೀರು ಬಿಡಬೇಕು ಎಂದು ಬರ ಬಂದಾಗಲೆಲ್ಲ ನಾಸಿಕದವರಿಗೂ ಮರಾಠವಾಡದವರಿಗೂ ಜಗಳ. ಮೇಲಿನಿಂದ ಕೆಳಗಿನವರೆಗೆ ಅಳೆದು ಬಿಟ್ಟ ನೀರಿನ ನದಿ ಅದು. ಅಳೆದು ನೀರು ಕುಡಿಯುತ್ತಿದ್ದ ಮನುಷ್ಯ ಅದರ ಸಮೀಪದಲ್ಲೇ ಬಾಯಾರಿ ಮಲಗಿದ್ದರು. ಕಥೆ ಇದ್ದದ್ದು ಅಲ್ಲಿ. ನಾನು ಅದನ್ನು ಬಿಟ್ಟು ಸಾಗರದವರೆಗೆ ಹೋಗಿದ್ದೆ.

ಅಕ್ಕನ ಮಾತು ಕೇಳಿದ ಮೇಲೆ ಹಳೆಯ ಪುಸ್ತಕಗಳನ್ನು ಮತ್ತೆ ತೆಗೆದೆ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದಾಗಲೆಲ್ಲ ನನಗೆ ಕಂಡದ್ದು ಪ್ರಾಣೇಶಾಚಾರ್ಯರ ಧರ್ಮಸಂಕಟ. ಈ ಸಲ ಕಣ್ಣಿಗೆ ಬಿದ್ದದ್ದು ಹಸಿವು. ನಾರಣಪ್ಪನ ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಕಾದಂಬರಿಯ ತತ್ತ್ವವೆಲ್ಲ ಆ ಖಾಲಿ ಹೊಟ್ಟೆಯ ಮೇಲೆ ನಿಂತಿದೆ. ಕಾರಂತರ ‘ಅಳಿದ ಮೇಲೆ’ (1960) ಇನ್ನೂ ನೇರವಾಗಿ ನಾಟಿತು. ಮುಂಬಯಿಯಲ್ಲಿ ತೀರಿಕೊಂಡ ಯಶವಂತರಾಯರ ಬರಹಗಳನ್ನು ಹಿಡಿದು, ಅವರನ್ನು ಬಲ್ಲವರನ್ನು ಹುಡುಕಿ ಹೋಗುವ ಪರಿಚಿತನೊಬ್ಬನ ಕಥೆ ಅದು. ಸತ್ತವರು ಹೇಗಿದ್ದರು ಎಂದು ಕಲ್ಪಿಸುವ ಮೊದಲು ಹೋಗಿ ಕೇಳಬೇಕು ಎಂಬ ಶ್ರದ್ಧೆ ಅದರಲ್ಲಿದೆ. ನನ್ನಪ್ಪನ ವಹಿ ಟೀಪಾಯಿಯ ಮೇಲೇ ಇತ್ತು, ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಹೀಗೆ ಓದುತ್ತಿರುವಾಗ ಇನ್ನೊಂದು ಸಂಗತಿಯೂ ಸಿಕ್ಕಿತು. ಕೆನಡಾದ ಮನೋವೈದ್ಯ ಹಾರ್ವೆ ಚೋಚಿನೊವ್ ಸಾವಿನ ಹತ್ತಿರ ಇರುವವರಿಗಾಗಿ ಒಂದು ಪದ್ಧತಿ ರೂಪಿಸಿದ್ದಾರೆ. ಬದುಕಿನಲ್ಲಿ ಯಾವ ದಿನಗಳು ಮುಖ್ಯ ಅನ್ನಿಸುತ್ತವೆ, ಮನೆಯವರಿಗೆ ಏನು ತಿಳಿದಿರಬೇಕು, ಇನ್ನೂ ಹೇಳದೆ ಉಳಿದದ್ದು ಏನು ಎಂಬಂಥ ಪ್ರಶ್ನೆ ಕೇಳುತ್ತಾರೆ. ಉತ್ತರವನ್ನು ರೆಕಾರ್ಡ್ ಮಾಡಿ, ಬರಹಕ್ಕಿಳಿಸಿ, ರೋಗಿಗೇ ಓದಿ ಹೇಳಿ, ಅವರು ತಿದ್ದಿದ ಮೇಲೆ ಅವರ ಕೈಗೇ ಕೊಡುತ್ತಾರೆ. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದ 100 ರೋಗಿಗಳಿದ್ದರು. 91 ಮಂದಿ ಇದರಿಂದ ಸಮಾಧಾನವಾಯಿತು ಎಂದರು. ಓದಿ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಅಪ್ಪ ಕೇಳಿದ್ದು ಇದನ್ನೇ. ಅದಕ್ಕೆ ಮನೋವೈದ್ಯ ಬೇಕಾಗಿರಲಿಲ್ಲ, ಒಂದು ಪೆನ್ನು ಹಿಡಿದು ಮಗ ಕೂತಿದ್ದರೆ ಸಾಕಿತ್ತು.

ಆ ಕಥೆಯನ್ನು ನನ್ನ ಸಂಕಲನಕ್ಕೆ ಸೇರಿಸಲಿಲ್ಲ. ತಿದ್ದಿ ಬರೆಯಲೂ ನೋಡಿದೆ, ಆಗಲಿಲ್ಲ. ಬರೆಸಬೇಕಾದವರೇ ಇಲ್ಲದಾಗ ಯಾರನ್ನು ಕೇಳಿ ತಿದ್ದಲಿ?

ನಿಮ್ಮ ಮನೆಯಲ್ಲಿ ವಯಸ್ಸಾದವರೋ ಕಾಯಿಲೆಯವರೋ “ಬರಕೋ” ಎಂದರೆ ರೈಲು ಬಿಟ್ಟರೂ ಪರವಾಗಿಲ್ಲ, ಅವತ್ತೇ ಕುಳಿತುಕೊಳ್ಳಿ. ಅವರು ಹಾಲಿನ ಲೆಕ್ಕ ಹೇಳಿದರೆ ಹಾಲಿನ ಲೆಕ್ಕವನ್ನೇ ಬರೆಯಿರಿ. ಬರೆಯುವುದು ಆಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಬರೆದದ್ದನ್ನು ಅವರಿಗೆ ಓದಿ ಹೇಳಿ. ತಿದ್ದುವುದಿದ್ದರೆ ಅವರೇ ತಿದ್ದಲಿ.